ಟೆಂಡರ್ ಪೆಟ್ಟಿಗೆಯಲ್ಲಿ ಸಿಂಗಾಪುರ

6-11-83, ಭಾನುವಾರ

ಸ್ನಾನ ಆಯಿತು. ಲಿಂಗಪೂಜೆ ಆಯಿತು. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಹೇಳಿದ್ದೂ ಆಯಿತು. "ನಿಮ್ಮ ನಾಲಿಗೆ ಸತ್ತೈತೆ" ಎಂದಳು ಕೊಟ್ರಮ್ಮ. ಹೆಂಡತಿ ಅಷ್ಟಾದರೂ ಅನ್ನದಿದ್ದರೆ ನನಗೆ ಉಪ್ಪಿಟ್ಟು ಇಳಿಯುವುದಿಲ್ಲ.

ಇವತ್ತಿನ ಸುದ್ದಿ — ನಮ್ಮ ಅಣ್ಣನಿಗೆ ಫಾರಿನ್ ಹುಚ್ಚು.

ಅಣ್ಣ ಎಂದರೆ ಚನ್ನಗಿರಿಯ ಅಡಿಕೆ ಮಂಡಿ ಷಣ್ಮುಖಪ್ಪ. ಅರವತ್ತೆರಡು ವರ್ಷ. ಹೊನ್ನಾಳಿ ಸೇತುವೆ ಬಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುವ ಮನುಷ್ಯ. ಇವನು ಸಮುದ್ರ ದಾಟುತ್ತಾನಂತೆ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಬರುವ ಮೇ ತಿಂಗಳಲ್ಲಿ. ಕಾರಣ ಎದುರು ಮಂಡಿಯ ವಿರೂಪಾಕ್ಷಪ್ಪ. ಅವನು ಲಂಡನ್ನಿಗೆ ಹೋಗಿ ಬಂದ. ಹದಿನೈದು ದಿನ ಟ್ರಂಕಿನಲ್ಲಿ ಒಯ್ದಿದ್ದ ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದು ಬಂದವನು ಬಸ್ ಸ್ಟ್ಯಾಂಡಿನಲ್ಲಿ ನಿಂತು, "ಲಂಡನ್ ಊಟ ಅಂದ್ರೆ ಊಟ" ಎಂದು ಭಾಷಣ ಮಾಡುತ್ತಾನೆ. ಮೊನ್ನೆ ಹತ್ತು ಜನರ ಮುಂದೆ ಅಣ್ಣನನ್ನು ಕೇಳಿದನಂತೆ, "ಏನ್ರೀ ಷಣ್ಮುಖಪ್ಪ, ದಾವಣಗೆರೆ ಬಿಟ್ಟು ಆಚೆಗೆ ಏನಾದ್ರೂ ನೋಡೀರೇನ್ರಿ?"

ಸಾಕಾಯಿತು. ಮೂರ್ಖನನ್ನು ವಿಮಾನ ಹತ್ತಿಸಲು ಇನ್ನೊಬ್ಬ ಮೂರ್ಖ ಸಾಕು.

ಊಟದ ಹೊತ್ತಿಗೆ ಅಟ್ಲಾಸ್ ತಂದ. ತಲೆಕೆಳಗಾಗಿ ಹಿಡಿದಿದ್ದ. ನಾನೇ ತಿರುಗಿಸಿಕೊಟ್ಟೆ. ಕೆರೆಬಿಳಚಿ ಶಾಲೆಯಲ್ಲಿ ಕೋಲು ಹಿಡಿದು ಇಡೀ ಭೂಪಟ ತೋರಿಸಿದ ಹುಡುಗ ನಾನು. ಇನ್‌ಸ್ಪೆಕ್ಟರು ಬೆನ್ನು ತಟ್ಟಿದ್ದರು. ಈ ಮನೆಯಲ್ಲಿ ಪೂರ್ವ ಯಾವುದು ಪಶ್ಚಿಮ ಯಾವುದು ಬಲ್ಲವನು ಹಾಲಸ್ವಾಮಿ ಒಬ್ಬನೇ. ಅಕ್ಷರವೂ ಅಷ್ಟೇ, ಮುತ್ತು ಪೋಣಿಸಿದ ಹಾಗೆ. ಮಂಡಿಯ ಕಾಗದಪತ್ರವೆಲ್ಲ ನನ್ನ ಕೈಯದೇ.

9-11-83, ಬುಧವಾರ

ದಾವಣಗೆರೆಯಿಂದ ಟ್ರಾವೆಲ್ಸ್ ಪಾಪಣ್ಣ ಬಂದಿದ್ದ. ಬಣ್ಣದ ಪುಸ್ತಕ ಹರಡಿದ. ಎರಡೇ ದಾರಿಯಂತೆ. ಪೂರ್ವಕ್ಕೆ ಹೋದರೆ ಸಿಂಗಾಪುರ, ಬ್ಯಾಂಕಾಕ್, ಹಾಂಗ್‌ಕಾಂಗ್. ಪಶ್ಚಿಮಕ್ಕೆ ಹೋದರೆ ಲಂಡನ್, ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್. ಎರಡೂ ಒಂದೇ ಸಲ ಆಗುವುದಿಲ್ಲ.

"ನೀವು ಯಾವ ಯಾವ ದೇಶ ನೋಡೀರಿ ಪಾಪಣ್ಣ?" ಕೇಳಿದೆ.

"ನಾನು ಮದ್ರಾಸ್ ಏರ್‌ಪೋರ್ಟಿನ ತನಕ ಹೋಗೀನಿ ಸರ್."

ಇಂಥವನು ನಮಗೆ ಜಗತ್ತು ಮಾರಲು ಬಂದಿದ್ದಾನೆ.

ಮನೆಯವರ ಆಸೆಗಳನ್ನು ಬರೆದಿಡುತ್ತೇನೆ, ಮುಂದೆ ನಗಲಿಕ್ಕೆ ಬೇಕಾಗುತ್ತದೆ. ಅತ್ತಿಗೆ ಶಾಂತಾದೇವಿಗೆ ಪ್ಯಾರಿಸ್. ಯಾಕೆಂದರೆ ಅವಳ ಪೌಡರ್ ಡಬ್ಬಿಯ ಮೇಲೆ ಆ ಗೋಪುರದ ಚಿತ್ರ ಇದೆ. ಅಣ್ಣನ ಮಗ ನಾಗರಾಜ, ಬಿ.ಕಾಂ. ಎರಡು ಸಲ ಬರೆದ ಪಂಡಿತ, ಅವನಿಗೆ ಲಂಡನ್. ಇಂಗ್ಲಿಷು ಇಂಪ್ರೂವ್ ಮಾಡಿಕೊಳ್ಳುತ್ತಾನಂತೆ. ಮೂರು ವಾರದಲ್ಲಿ! ಕೊಟ್ರಮ್ಮ ಪುಸ್ತಕ ಮುಟ್ಟಲೂ ಇಲ್ಲ. "ಎಲ್ಲಿಗಾದ್ರೂ ಸರಿ, ಅಲ್ಲಿ ಕಕ್ಕಸು ಹೆಂಗಿರ್ತಾವೆ ಕೇಳ್ರಿ ಅವರನ್ನ." ಪಾಪಣ್ಣ ಕೆಂಪಗಾದ. ಇಷ್ಟು ಜನರಲ್ಲಿ ಬುದ್ಧಿಯ ಪ್ರಶ್ನೆ ಅದೊಂದೇ.

ಅಕ್ಕ ಸರ್ವಮಂಗಳಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

10-11-83, ಗುರುವಾರ

ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಅಕ್ಕ ಬಂದಳು.

"ಹಾಲಸ್ವಾಮಿ, ಆ ಪುಸ್ತಕದಾಗೆ ಸಿಂಗಾಪುರ ಐತೇನೋ?"

ಪೇಸ್ಟು ನುಂಗಿದೆ.

"ಐತೆ. ನೋಡಾಕೇನಿಲ್ಲ ಅಲ್ಲಿ. ಬರೀ ಸೆಕೆ, ಸೊಳ್ಳೆ."

"ನೀ ಯಾವಾಗ ನೋಡಿ ಬಂದೆ?" ಎಂದಳು. "ನಾ ಅಲ್ಲಿಗೇ ಹೋಗಬೇಕು. ಅಣ್ಣಗೆ ಹೇಳು."

ಹೇಳುತ್ತೇನೆ ಎಂದೆ. ಹೇಳುವುದಿಲ್ಲ.

ಈ ದಿನಚರಿಗೆ ಬೀಗ ಇದೆ. ಬರೆದುಬಿಡುತ್ತೇನೆ. ಅಕ್ಕನ ಗಂಡ ಸಣ್ಣಪ್ಪ ಮೈಸೂರು ದಂಡಿಗೆ ಸೇರಿ ನಲವತ್ತೊಂದರಲ್ಲಿ ಹಡಗು ಹತ್ತಿ ಸಿಂಗಾಪುರಕ್ಕೆ ಹೋದ. ಜಪಾನಿನವರು ಬಂದರು. ದಂಡಿಗೆ ದಂಡೇ ಸೆರೆಯಾಯಿತು. ಕಾಗದ ನಿಂತವು. ನಲವತ್ತಾರರಲ್ಲಿ ಹೊನ್ನಾಳಿ ಕಡೆಯ ಸಿಪಾಯಿಯೊಬ್ಬ ಮರಳಿ ಬಂದ. ಕ್ಯಾಂಪಿನಲ್ಲಿ ಸಣ್ಣಪ್ಪನಿಗೆ ಜ್ವರ ಬಂದಿತ್ತು, ಒಂದು ಬೆಳಿಗ್ಗೆ ಎತ್ತಿಕೊಂಡು ಹೋದರು, ಮತ್ತೆ ಕಾಣಲಿಲ್ಲ ಎಂದ. ಮನೆಯಲ್ಲಿ ಹಿರಿಯರು ಕೂತರು. ನಾನು ಕದದ ಹಿಂದೆ. "ಹುಡುಗಿ ಕುಂಕುಮ ತೆಗೆಸಬೇಕು" ಎಂಬ ಮಾತು ಕಿವಿಗೆ ಬಿತ್ತು. ಅಕ್ಕನಿಗೆ ಇಪ್ಪತ್ತೆರಡು, ನನಗೆ ಹದಿನಾರು. ಮುಂದಿನದನ್ನು ಕೇಳಲಿಲ್ಲ. ಓಡಿದೆ.

ಎರಡು ದಿನ ಬಿಟ್ಟು ಒಂದು ಕಾಗದ ತಂದುಕೊಟ್ಟೆ. ಸವಳಂಗದಲ್ಲಿ ಯಾರೋ ದಂಡಿನವನು ಕೈಗೆ ಕೊಟ್ಟ ಎಂದೆ. ಹಾಗಾಗಿ ಸ್ಟಾಂಪಿನ ಪ್ರಶ್ನೆ ಇಲ್ಲ! "ನಾನು ಕ್ಷೇಮ. ಸಿಂಗಾಪುರದಲ್ಲಿ ಅಂಗಡಿ ಇಟ್ಟಿದ್ದೇನೆ. ಸರ್ಕಾರದವರು ಈಗಲೇ ಬಿಡುವುದಿಲ್ಲ. ಬರುತ್ತೇನೆ, ಕಾದಿರು." ಓದಿ ಹೇಳಿದವನೂ ನಾನೇ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಂಥ ಬರವಣಿಗೆ ಮತ್ತೆ ನನ್ನ ಕೈಯಿಂದ ಬರಲಿಲ್ಲ.

ಎರಡನೆಯದನ್ನು ಬರೆಯಲಿಲ್ಲ. ದಡ್ಡರು ಎರಡನೆಯ ಸುಳ್ಳಿನಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಯವಳನ್ನೇ ಕಟ್ಟಿಕೊಂಡಿರಬೇಕು ಎಂದು ಊರವರೇ ತೀರ್ಮಾನಿಸಿದರು. ಒಳ್ಳೆಯದೇ ಆಯಿತು. ಬದುಕಿರುವವನು ತಾನೇ ಕಟ್ಟಿಕೊಳ್ಳುವುದು.

ಮೂವತ್ತೇಳು ವರ್ಷದಿಂದ ಅಕ್ಕನ ಹಣೆಯ ಮೇಲಿರುವುದು ನಾನು ಉಳಿಸಿದ ಕುಂಕುಮ. ಈಗ ಅಲ್ಲಿಗೆ ಹೋದರೆ ಅಂಗಡಿ ಹುಡುಕುತ್ತಾಳೆ. ಇಲ್ಲದ ಅಂಗಡಿ.

ಸಿಂಗಾಪುರ ಆಗಕೂಡದು.

13-11-83, ಭಾನುವಾರ

ಮೂರು ದಿನದಿಂದ ಸಿಂಗಾಪುರದ ಮೇಲೆ ಮಣ್ಣು ಎರಚುತ್ತಿದ್ದೇನೆ. ಅಲ್ಲಿ ಹಾವು ತಿನ್ನುತ್ತಾರೆ ಎಂದೆ. ಅತ್ತಿಗೆ ಕಿವಿ ಮುಚ್ಚಿಕೊಂಡಳು. ವಿರೂಪಾಕ್ಷಪ್ಪ ನೋಡಿದ್ದು ಲಂಡನ್ ಒಂದೇ, ನಾವು ಲಂಡನ್ನೂ ನೋಡಿ ಇನ್ನೂ ಮೂರು ನೋಡಿದರೆ ಅವನ ಬಾಯಿ ಕಟ್ಟಿತು ಎಂದು ಅಣ್ಣನಿಗೆ ಹೇಳಿದೆ. ಅಣ್ಣ ಮೀಸೆ ಸವರಿಕೊಂಡ. ಕೆಲಸ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಅಕ್ಕ ತಾನೇ ಬಂದು ಪಡಸಾಲೆಯಲ್ಲಿ ನಿಂತು ಕೇಳಿಬಿಟ್ಟಳು. "ಅಣ್ಣ, ನನಗೆ ಸಿಂಗಾಪುರ."

ಎಲ್ಲರೂ ಒಟ್ಟಿಗೆ ಮಾತಾಡಿದರು. ನಾಗರಾಜ "ಸೋದರತ್ತೆ, ಅದು ಬರೀ ಮಾರ್ಕೆಟ್ಟು" ಎಂದ. ಅತ್ತಿಗೆ ಹಾವು ಎಂದಳು. ಅಣ್ಣನಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ಇಲ್ಲ ಅನ್ನುವ ಧೈರ್ಯವಿಲ್ಲ, ಹೂಂ ಅನ್ನುವ ಮನಸ್ಸಿಲ್ಲ.

ಆಗ ನಾನು ಒಂದು ಚಾಣಾಕ್ಷ ಮಾತು ಹೇಳಿದೆ. "ಟೆಂಡರ್ ಕರಿ ಅಣ್ಣ. ಮಂಡಿಯಾಗೆ ಮಾಡಿದಂಗೆ." ಮಂಡಿಯಲ್ಲಿ ರೈತರ ಅಡಿಕೆ ರಾಶಿ ಹಾಕಿರುತ್ತಾರೆ. ವ್ಯಾಪಾರಿಗಳು ನೋಡಿ, ಯಾರಿಗೂ ಕಾಣದಂತೆ ಚೀಟಿಯಲ್ಲಿ ರೇಟು ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಹೊತ್ತಿಗೆ ಸರಿಯಾಗಿ ತೆರೆದು, ಹೆಚ್ಚು ಬರೆದವನಿಗೆ ಮಾಲು. ಜಗಳವಿಲ್ಲ. ಆರು ಜನರಲ್ಲಿ ನಾಲ್ವರು ಪಶ್ಚಿಮದವರು, ನನ್ನನ್ನೂ ಸೇರಿಸಿ. ಲೆಕ್ಕ ಗಟ್ಟಿ.

ಆದರೆ ಅಣ್ಣ ವ್ಯಾಪಾರಿ. "ರೇಟಿಲ್ಲದ ಟೆಂಡರ್ ಯಾವನು ಹಾಕ್ತಾನಲೇ? ಊರಿನ ಹೆಸರು ಬರೀರಿ. ಅದಕ್ಕೆ ನೀವು ಏನು ಬಿಡ್ತೀರಿ ಅಂತಾನೂ ಬರೀರಿ. ಯಾರದು ದೊಡ್ಡದೋ ಅವರ ಊರು."

ಎಲ್ಲರೂ ಒಪ್ಪಿದರು. ಬಿಡುವುದು ಎಂದರೇನು ಎಂದು ಈ ಮನೆಯಲ್ಲಿ ಯಾರಿಗೆ ಗೊತ್ತು? ಬರೆಯುತ್ತಾರೆ, ಹೋಗಿ ಬಂದು ಮರೆಯುತ್ತಾರೆ.

18-11-83, ಶುಕ್ರವಾರ, ಮಧ್ಯಾಹ್ನ

ಅಕ್ಕ ಚೀಟಿ ಹಿಡಿದು ಬಂದಳು. "ನನಗೆ ಬರೆಯಾಕೆ ಬರಲ್ಲ. ನೀನೇ ಬರಿ."

"ಹೇಳು."

"ಸಿಂಗಾಪುರ."

ಬರೆದೆ. "ಏನು ಬಿಡ್ತೀಯಾ?"

"ಕುಂಕುಮ."

ಪೆನ್ನು ನಿಂತಿತು. ಏನು ಮಾತು ಅದು ಎಂದೆ.

"ಅಲ್ಲಿಗೆ ಹೋಗಿ ನೋಡ್ತೀನಿ. ಇದ್ರೆ ಸರಿ. ಇಲ್ಲದಿದ್ರೆ ಅಲ್ಲೇ ಒರೆಸಿ ಬರ್ತೀನಿ. ಬರಿ ನೀನು."

ಕೂತು ಬರೆಯುವುದನ್ನೇ ನೋಡುತ್ತಿದ್ದಳು. ಬರೆದೆ. ಮಡಿಸಿ ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು ಹೋದಳು.

ಬರೆದದ್ದು: "ಸಿಂಗಾಪುರ. ಮಧ್ಯಾಹ್ನದ ಕಾಫಿ."

ಉಳಿಸಿದವನು ನಾನು. ಒಂದು ಚೀಟಿಯಲ್ಲಿ ಕಳೆಯಲು ಬಿಡುತ್ತೇನೆಯೇ?

20-11-83, ಭಾನುವಾರ

ಟೆಂಡರ್ ಆಯಿತು. ಆದದ್ದು ಆದ ಹಾಗೆ ಬರೆಯುತ್ತೇನೆ.

ತೆರೆಯಲು ಅಣ್ಣ ಮೌಲಾಸಾಬನನ್ನು ಕರೆಸಿದ್ದ. ನಮ್ಮ ಮಂಡಿಯಲ್ಲಿ ನಲವತ್ತು ವರ್ಷದಿಂದ ಅಡಿಕೆಯ ದರ್ಜೆ ಹೇಳುವವನು ಅವನು. ಕಣ್ಣು ಮುಚ್ಚಿ ರಾಶಿಗೆ ಕೈ ಹಾಕಿ ಇದು ಸರಕು, ಇದು ಬೆಟ್ಟೆ, ಇದು ಗೊರಬಲು ಎನ್ನುತ್ತಾನೆ. ಸರಕು ಎಲ್ಲಕ್ಕೂ ಮೇಲು, ಆಮೇಲೆ ಬೆಟ್ಟೆ, ಅದರ ಕೆಳಗೆ ರಾಶಿ ಎಂಬ ದರ್ಜೆ, ಗೊರಬಲು ಕಡೆ. ಈ ಊರಿನಲ್ಲಿ ನಾನು ಮರ್ಯಾದೆ ಕೊಡುವ ಒಬ್ಬನೇ ಮನುಷ್ಯ. ಅದನ್ನು ಅವನಿಗೆ ಹೇಳಿಲ್ಲ.

ಮೊದಲ ಚೀಟಿ ಕೊಟ್ರಮ್ಮನದು. "ಎಲ್ಲಿಗಾದರೂ. ಏನೂ ಬಿಡಲ್ಲ."

"ಇದು ಟೆಂಡರೇ ಅಲ್ರಿ" ಎಂದ ಮೌಲಾಸಾಬ್.

ಅತ್ತಿಗೆ: "ಪ್ಯಾರಿಸ್. ಒಂದು ವರ್ಷ ತವರಿಗೆ ಹೋಗಲ್ಲ." ತವರು ಜಗಳೂರು. ಸುದ್ದಿ ಮುಟ್ಟಿದರೆ ಜಗಳೂರಿನವರು ಹೋಳಿಗೆ ಮಾಡುತ್ತಾರೆ. ಮೌಲಾಸಾಬ್ ಚೀಟಿಯನ್ನು ಬೆರಳಲ್ಲಿ ಉಜ್ಜಿ, "ಗೊರಬಲು" ಎಂದ. ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ.

ಅಣ್ಣ: "ಲಂಡನ್. ಎಲೆ ಅಡಿಕೆ ಒಂದು ವರ್ಷ."

"ಸಾವ್ಕಾರ್ರೆ, ನೀವೇ ಅಡಿಕೆ ಬಿಟ್ರೆ ಮಂಡಿಗೆ ಯಾರು ಬರ್ತಾರ್ರೀ? ಆದ್ರೂ ಇರಲಿ, ರಾಶಿ ದರ್ಜೆ."

ನನ್ನದು: "ಲಂಡನ್. ನಶ್ಯ, ಪೂರ್ತಿ." ಅದೂ ರಾಶಿ. ನಾಗರಾಜನದು: "ಲಂಡನ್. ಮೋಟರ್ ಸೈಕಲ್ ಇನ್ನು ಮೇಲೆ ಕೇಳೋದಿಲ್ಲ." ಮೌಲಾಸಾಬ್ ಹುಬ್ಬೇರಿಸಿದ. "ಬೆಟ್ಟೆ!" ಅಣ್ಣ ಮಗನ ಬೆನ್ನು ತಟ್ಟಿದ.

ಅಕ್ಕನದು: "ಸಿಂಗಾಪುರ. ಮಧ್ಯಾಹ್ನದ ಕಾಫಿ." ನಗು. ಅಣ್ಣನಿಗೆ ಎಷ್ಟು ಹಗುರಾಯಿತೆಂದರೆ, "ಕಾಫಿ ಬಿಡಬ್ಯಾಡ ಮಂಗಳಾ, ಲಂಡನ್ನಿನಾಗೂ ಸಿಗುತ್ತೆ!" ಎಂದ.

ಮುಗಿಯಿತು ಎಂದು ನಾನು ಎದ್ದೆ.

"ಕೂರ್ರಿ ಹಾಲಸ್ವಾಮ್ಯಾರೆ" ಎಂದ ಮೌಲಾಸಾಬ್. "ಜನ ಆರು. ಚೀಟಿ ಏಳು ಅದಾವೆ."

ಏಳನೆಯದನ್ನು ಬಿಡಿಸಿದ. ಓದಲು ಹೊತ್ತು ಹಿಡಿಯಿತು. ಒಂದು ಸಲ ತನ್ನೊಳಗೇ ಓದಿಕೊಂಡ. ಆಮೇಲೆ ಗಟ್ಟಿಯಾಗಿ.

"ಸಿಂಗಾಪುರ. ಕುಂಕುಮ."

ಅಣ್ಣ ನನ್ನ ಮೇಲೆ ಎರಗಿದ. "ಹಾಲ್ಯಾ! ಇದೂ ಒಂದು ತಮಾಷೆನೇನಲೇ? ನಿನ್ನ ಕೈ ಕತ್ತರಿಸ್ಬೇಕು!" ಕಾಲರ್ ಹಿಡಿದ. ನನಗೆ ಬಾಯಿ ಬರಲಿಲ್ಲ. ನನಗೆ! ಬಾಯಿ!

"ಅವನದಲ್ಲಣ್ಣ, ಬಿಡು" ಎಂದಳು ಅಕ್ಕ. "ಅವನ ಅಕ್ಷರ ಮುತ್ತಿನಂಗೆ ಇರ್ತಾವೆ. ಇವು ನೋಡು, ಕೋಳಿ ಕೆದರಿದಂಗೆ ಅದಾವೆ. ನನ್ನವು."

"ನಿನಗೆ ಬರೆಯಾಕೆ ಯಾವಾಗ ಬಂತು?"

"ನಾಗರಾಜ ಒಂದನೇ ಕ್ಲಾಸಿಗೆ ಹೋಗ್ತಿದ್ನಲ್ಲ, ಆವಾಗ. ಅವನ ಸ್ಲೇಟು ಒರೆಸೋಕೆ ಮುಂಚೆ ನಾನೂ ಒಂದು ಸಲ ತಿದ್ದುತ್ತಿದ್ದೆ."

ಮೌಲಾಸಾಬ್ ಚೀಟಿಯನ್ನು ಉಜ್ಜಲಿಲ್ಲ. ಮಡಿಸಿ ಪೆಟ್ಟಿಗೆಯ ಮೇಲಿಟ್ಟ. "ಇದಕ್ಕೆ ದರ್ಜೆ ಇಲ್ರಿ ಸಾವ್ಕಾರ್ರೆ. ಇದನ್ನ ನಾ ಅಳೆಯಲ್ಲ."

ಅಣ್ಣ ಟವಲಿನಿಂದ ಮುಖ ಒರೆಸಿಕೊಂಡ. "ಸಿಂಗಾಪುರ" ಎಂದ. ಚಪ್ಪಲಿ ಹಾಕಿಕೊಂಡು ಭಾನುವಾರ ಮುಚ್ಚಿರುವ ಮಂಡಿಗೆ ಹೋದ.

21-11-83, ಸೋಮವಾರ

ಹಿತ್ತಲಿಗೆ ನಾನೇ ಹೋದೆ. ಅಕ್ಕ ಪಾತ್ರೆ ಬೋರಲು ಹಾಕುತ್ತಿದ್ದಳು.

"ಬರೆಯಾಕೆ ಬರೋಳು ನನ್ನತ್ರ ಯಾಕೆ ಬರೆಸಿದೆ?"

"ಈ ಸಲನಾದ್ರೂ ನಾ ಹೇಳಿದ್ದು ಬರೀತೀಯೇನೋ ಅಂತ ನೋಡಿದೆ."

ಈ ಸಲನಾದರೂ ಎಂದರೆ?

"ಸ್ಲೇಟು ತಿದ್ದಾಕೆ ಕಲಿತ ಮೇಲೆ ಟ್ರಂಕಿನಾಗಿನ ಕಾಗದ ತೆಗೆದು ಓದಿದೆ. ಉಗ್ರಾಣದ ಗೋಡೆ ಮೇಲೆ ನೀ ಅಂಟಿಸಿದ್ದ ಕಾಳು-ಕಡಿ ಪಟ್ಟಿನೂ ಓದಿದೆ. ಎರಡೂ ಒಂದೇ ಕೈ. ಹದಿನೈದು ವರ್ಷ ಆತು."

ಕಟ್ಟೆಯ ಮೇಲೆ ಕೂತೆ. ಕೂತೇ ಹೇಳಿದೆ, ನಿನ್ನ ಕುಂಕುಮ ಉಳಿಸಾಕೆ ಮಾಡಿದೆ ಎಂದು. ಅವತ್ತು ಕದದ ಹಿಂದೆ ಕೇಳಿದೆ ಎಂದು.

"ಗೊತ್ತು. ಕದದ ಕೆಳಗೆ ನಿನ್ನ ಕಾಲು ಕಾಣ್ತಿದ್ವು. ಅರ್ಧ ಕೇಳಿ ಓಡಿದೆ. ಇನ್ನರ್ಧ ಈಗ ಕೇಳು. ನ್ಯಾಮತಿಯಿಂದ ಗಾದ್ರಪ್ಪನ ಮನೆಯೋರು ಕೇಳಿ ಕಳಿಸಿದ್ರು. ಉಡಿಕೆ ಮಾಡ್ಕೊಳ್ತೀವಿ ಅಂತ."

ಉಡಿಕೆ. ಗಂಡ ತೀರಿದವಳಿಗೆ ಹೊಸ ಸೀರೆ ಉಡಿಸಿ ಎರಡನೆಯ ಮನೆಗೆ ಕಳಿಸುವುದು. ನಮ್ಮಲ್ಲಿ ಇರುವುದೇ. ನಮ್ಮ ಅತ್ತೆಯೊಬ್ಬಳಿಗೇ ಆಗಿತ್ತು. ಅದಕ್ಕಾಗಿ ಹಳೆಯ ಕುಂಕುಮ ತೆಗೆಸುವ ಮಾತು. ಹೊಸದು ಇಡಲಿಕ್ಕೆ.

"ಹೆಂಡತಿ ತೀರಿಕೊಂಡಿದ್ಲು, ಒಂದು ಕೂಸಿತ್ತು. ನಮ್ಮ ಮಂಡಿಗೆ ಗಾಡಿ ತಂದಾಗ ಎರಡು ಸಲ ನೋಡಿದ್ದೆ. ಕುಡಿಯಾಕೆ ನೀರು ಕೊಟ್ಟಿದ್ದೆ. ತಂಬಿಗೆ ವಾಪಸ್ ಕೊಡುವಾಗ ತೊಳೆದು ಕೊಟ್ಟಿದ್ದ." ಒಂದು ಪಾತ್ರೆ ಒರೆಸಿದಳು. "ಒಪ್ಪಿಗೆ ಅಂತ ಅವ್ವಗೆ ಹೇಳಿದ್ದೆ. ಅಷ್ಟರಾಗೆ ನಿನ್ನ ಕಾಗದ ಬಂತು. ಗಂಡ ಇರೋಳಿಗೆ ಎಲ್ಲಿ ಉಡಿಕೆ? ಒಂದು ವರ್ಷ ನೋಡಿದ್ರು, ಸವಳಂಗದ ಹುಡುಗಿ ತಂದ್ಕೊಂಡ್ರು."

"ಹದಿನೈದು ವರ್ಷ ಸುಮ್ಮನೆ ಯಾಕಿದ್ದೆ?"

"ಹೇಳಿದ್ರೆ ಅಣ್ಣ ನಿನ್ನ ಈ ಮನೆಯಾಗೆ ಇಟ್ಕೊಳ್ತಿದ್ನೇನು? ಕೊಟ್ರಮ್ಮ ಎಲ್ಲಿಗೆ ಹೋಗ್ಬೇಕು? ಈಗ ದಾರಿ ಸಿಕ್ತು. ಅಲ್ಲಿಗೆ ಹೋಗಿ ಹುಡುಕಿದಂಗೆ ಮಾಡ್ತೀನಿ. ಒರೆಸ್ಕೊಂಡು ಬರ್ತೀನಿ. ಯಾರೂ ಏನೂ ಕೇಳಲ್ಲ. ನಿನ್ನ ಹೆಸರು ಬರಲ್ಲ."

"ಅಷ್ಟು ದೂರ ಹೋಗಿ..."

"ಸುಳ್ಳಿನ ಕುಂಕುಮ ಭಾರ ಕಣೋ. ಯಾವ ಮದುವೆಗೆ ಹೋದ್ರೂ ಅರಿಶಿನ ಕೊಡಬೇಕೋ ಬ್ಯಾಡವೋ ಅಂತ ಹೆಂಗಸರು ಮುಖ ಮುಖ ನೋಡ್ಕೊಳ್ತಾರೆ. ನೀ ಉಳಿಸಿದ್ದು ಇಷ್ಟು."

ಒಳಗೆ ಹೋದಳು.

22-11-83

ಬರೆಯಲು ಏನೂ ಇಲ್ಲ.

27-11-83, ಭಾನುವಾರ

ಪಾಪಣ್ಣ ಬಂದು ಸಿಂಗಾಪುರದ ಪಟ್ಟಿ ಓದಿದ. ಪಕ್ಷಿಗಳ ಪಾರ್ಕು, ಹಡಗಿನ ಸವಾರಿ, ಶಾಪಿಂಗ್ ಒಂದು ದಿನ. ಅಣ್ಣ ಎಲ್ಲಕ್ಕೂ ತಲೆ ಆಡಿಸುತ್ತಿದ್ದ. "ಅಲ್ಲಿ ಒಬ್ಬರ ಅಂಗಡಿ ಹುಡುಕಬೇಕು, ಪೊಲೀಸಿನವರನ್ನ ಕೇಳಾಕೆ ಆಗುತ್ತೇನ್ರಿ?" ಎಂದ. ಅಕ್ಕ ಕಾಫಿ ಲೋಟ ಇಡುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ. ನನಗಾಗಿ ಆಡುತ್ತಿರುವ ಆಟ ಅದು. ಈ ಮನೆಯಲ್ಲಿ ಆಟ ಆಡುವವನು ನಾನು ಎಂದು ತಿಳಿದಿದ್ದೆ.

ಹಾಲಸ್ವಾಮಿ ಹೆಂಗಸಿನ ಸೆರಗಿನ ಹಿಂದೆ ಅಡಗುವ ಗಂಡಲ್ಲ ಎಂದು ಎಷ್ಟು ಕಡೆ ಕೊಚ್ಚಿಕೊಂಡಿದ್ದೇನೆ. ಹದಿನೈದು ವರ್ಷ ಅಡಗಿದ್ದೆ. ಗೊತ್ತಿಲ್ಲದೆ ಅಡಗಿದ್ದು ಇನ್ನೂ ದೊಡ್ಡ ಹೇಡಿತನ.

ಪಾಪಣ್ಣ ಹೋದ ಮೇಲೆ ಹೇಳಿಬಿಟ್ಟೆ. ಎಲ್ಲರ ಮುಂದೆ. ಕಾಗದ ನನ್ನದು ಎಂದೆ. ಉಡಿಕೆಯದನ್ನೂ ಹೇಳಿದೆ.

ಅಣ್ಣ ಚಪ್ಪಲಿ ತೆಗೆದ. ಹೊಡೆಯಲಿಲ್ಲ. ಮತ್ತೆ ಹಾಕಿಕೊಂಡ. ಹೊಡೆದಿದ್ದರೆ ಅವನಿಗೂ ನನಗೂ ಒಳ್ಳೆಯದಿತ್ತು.

ಕೊಟ್ರಮ್ಮ ಹೇಳಿದಳು, "ನಿಮ್ಮ ನಾಲಿಗೆ ಸತ್ತೈತೆ ಅಂತ ಸುಮ್ಮನೆ ಅಂತಿದ್ದೆ. ಸತ್ತಿದ್ರೇ ಚೆನ್ನಾಗಿತ್ತು."

ಅಕ್ಕ ನನ್ನನ್ನು ನೋಡಿ, "ದಡ್ಡ" ಎಂದಳು. ಅಷ್ಟೇ.

18-12-83, ಭಾನುವಾರ

ಮೂರು ವಾರ ಬರೆದಿಲ್ಲ.

ಹೋದ ಸೋಮವಾರ ಬೆಳಿಗ್ಗೆ ಅಕ್ಕ ಬಚ್ಚಲಿಗೆ ಹೋದಳು. ಹೊರಗೆ ಬರುವಾಗ ಹಣೆಯ ಮೇಲೆ ಬರೀ ವಿಭೂತಿ. ಯಾರನ್ನೂ ಕರೆಯಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಬಳೆಗಳನ್ನು ಒಡೆಯಲಿಲ್ಲ. ಒಂದೊಂದಾಗಿ ತೆಗೆದು ಅತ್ತಿಗೆಯ ಕೈಗೆ ಕೊಟ್ಟಳು. ಅತ್ತಿಗೆ ಅತ್ತಳು. ಅವಳ ನಿಜವಾದ ಕಣ್ಣೀರನ್ನು ಮೊದಲ ಸಲ ನೋಡಿದೆ.

ಆಮೇಲೆ ಊರು ಬಂತು. ನಲವತ್ತು ವರ್ಷ ತಡವಾಗಿ ಸಾವಿಗೆ ಬಂದವರಿಗೆ ಸತ್ತವನ ಹೆಂಡತಿಯೇ ಕಾಫಿ ಮಾಡಿ ಕೊಟ್ಟಳು. ಸಮಾಧಾನ ಹೇಳಿದವರೂ ಅವರೇ, ಅಲ್ಲಿಯವಳನ್ನು ಕಟ್ಟಿಕೊಂಡಿದ್ದಾನೆ ಎಂದು ಇಷ್ಟು ವರ್ಷ ಆಡಿಕೊಂಡವರೂ ಅವರೇ. ಒಬ್ಬರಿಗೂ ನಾಚಿಕೆ ಇಲ್ಲ. ವಿರೂಪಾಕ್ಷಪ್ಪ ಬಂದು, "ಲಂಡನ್ನಿನಾಗೆ ಇಂಥದಕ್ಕೆ ಕಪ್ಪು ಬಟ್ಟೆ ಹಾಕ್ತಾರ್ರೀ" ಎಂದ. ಕಾಫಿ ಎರಡು ಲೋಟ ಕುಡಿದ.

ನನಗೆ ಬಸ್ ಸ್ಟ್ಯಾಂಡಿನಲ್ಲಿ ಹೊಸ ಹೆಸರು: ಕಾಗದದ ಹಾಲಸ್ವಾಮಿ. ಅಣ್ಣ ಮಾತು ಬಿಟ್ಟಿದ್ದಾನೆ. ಏನಾದರೂ ಹೇಳಬೇಕಾದರೆ, ನಾನು ಎದುರಿಗೇ ನಿಂತಿದ್ದರೂ, "ಮೌಲಾಸಾಬ್, ಅವನಿಗೆ ಹೇಳು" ಎನ್ನುತ್ತಾನೆ. ಮೌಲಾಸಾಬ್ ನನ್ನ ಕಡೆ ತಿರುಗಿ, "ಕೇಳಿಸ್ತಲ್ರೀ?" ಎನ್ನುತ್ತಾನೆ.

ನಾನು ನ್ಯಾಮತಿಗೆ ಹೋಗಿ ಬಂದೆ. ಯಾರಿಗೂ ಹೇಳಿಲ್ಲ. ಗಾದ್ರಪ್ಪ ತೀರಿ ಆರು ವರ್ಷವಾಯಿತಂತೆ. ಸೊಸೆ ಕುಡಿಯಲು ನೀರು ಕೊಟ್ಟಳು. ಏನು ಬೇಕಿತ್ತು ಎಂದು ಕೇಳಿದಳು. ಏನೂ ಇಲ್ಲ, ದಾರಿ ತಪ್ಪಿತು ಎಂದೆ. ತಂಬಿಗೆ ತೊಳೆದು ಕೊಟ್ಟೆ.

22-1-84, ಭಾನುವಾರ, ಬೆಳಿಗ್ಗೆ

ಪಾಪಣ್ಣ ಪಾಸ್‌ಪೋರ್ಟ್ ಫಾರಂ ತಂದು ಹಾಕಿದ್ದಾನೆ. ಆರು. ಎಲ್ಲ ಇಂಗ್ಲಿಷು. ನಾಗರಾಜ ತುಂಬಲಿ ಎಂದ ಅಣ್ಣ. ಅವನ ಅಕ್ಷರ ನೋಡಿದರೆ ವಿಮಾನ ಹಾರಲಿಕ್ಕಿಲ್ಲ, ಆದರೆ ಅದನ್ನು ಹೇಳುವ ಅಧಿಕಾರ ಈಗ ನನಗಿಲ್ಲ.

"ಹಾಲಸ್ವಾಮಿನೇ ಬರೀಲಿ" ಎಂದಳು ಅಕ್ಕ.

ಪಡಸಾಲೆಯಲ್ಲಿ ಚಾಪೆ ಹಾಸಿ ಎದುರಿಗೆ ಕೂತಿದ್ದಾಳೆ. ಒಂದು ಕಾಲಂ ತುಂಬುತ್ತೇನೆ, ಅವಳು ಯೋಚಿಸುವ ಹೊತ್ತಿಗೆ ಇಲ್ಲಿ ಒಂದು ಸಾಲು ಬರೆಯುತ್ತೇನೆ.

ಹೆಸರು. ಹುಟ್ಟಿದ ಊರು. ಗಂಡನ ಹೆಸರು...

"ಸಣ್ಣಪ್ಪ. ತೀರಿಕೊಂಡಿದಾರೆ ಅಂತ ಬರಿ."

ಬರೆದೆ. ನಾಗರಾಜನನ್ನು ಕರೆದಳು. "ಏನು ಬರೆದಾನೆ ಓದು." ಅವನು ಓದಿದ. "ಅದೇ ಬರೆದಾರೆ ಸೋದರತ್ತೆ." ತಲೆಯಾಡಿಸಿದಳು. ಸಿಟ್ಟು ಬರಲಿಲ್ಲ ನನಗೆ. ಬರಬೇಕಿತ್ತು.

ಮುಂದಿನ ಕಾಲಂ: ಯಾವ ದೇಶಗಳಿಗೆ?

ಅಣ್ಣ ಹೇಳಿಬಿಟ್ಟಿದ್ದಾನೆ, "ಟೆಂಡರ್ ಇಲ್ಲ, ರೇಟಿಲ್ಲ. ಮಂಗಳಾ ಹೇಳಿದ ಊರು." ನಾನು ಸಿಂಗಾಪುರದ ಎಸ್ ಬರೆಯಲು ಪೆನ್ನು ಊರಿದ್ದೆ.

"ತಡಿ. ಯಾರು ಹೇಳಿದ್ರು ಸಿಂಗಾಪುರ ಅಂತ? ಅಲ್ಲಿ ನನಗೆ ಇನ್ನೇನು ಕೆಲಸ? ಆ ಪುಸ್ತಕ ತಾ ಇತ್ಲಾಗೆ."

ಪಾಪಣ್ಣನ ಬಣ್ಣದ ಪುಸ್ತಕ ತೊಡೆಯ ಮೇಲಿಟ್ಟುಕೊಂಡಿದ್ದಾಳೆ. ಒಂದೊಂದೇ ಹಾಳೆ. ಹೆಬ್ಬೆರಳು ಒದ್ದೆ ಮಾಡಿಕೊಂಡು. ಅತ್ತಿಗೆ ಹಿಂದಿನಿಂದ ಬಾಗಿ, "ಆ ಗೋಪುರ ನೋಡ್ರಿ ಎಷ್ಟು ಚೆನ್ನಾಗೈತೆ" ಎಂದಳು. ನಾಗರಾಜ ಕೆಮ್ಮಿದ. ಕೊಟ್ರಮ್ಮ ಕಕ್ಕಸಿನ ವಿಷಯ ತೆಗೆದಳು. "ಸ್ವಲ್ಪ ಎಲ್ಲರೂ ಆಚೆ ಹೋಗ್ರಿ, ಬೆಳಕು ಬೀಳ್ತಿಲ್ಲ" ಎಂದಳು ಅಕ್ಕ. ಹೋದರು. ಅಣ್ಣನೂ ಹೋದ. ಜಗುಲಿಯಲ್ಲಿ ಕಿವಿ ಇಟ್ಟುಕೊಂಡು ನಿಂತಿದ್ದಾರೆ, ಟೆಂಡರ್ ತೆರೆಯುವುದನ್ನು ಕಾಯುವ ರೈತರ ಹಾಗೆ.

ಹಿಮದ ಬೆಟ್ಟದ ಹಾಳೆಯಲ್ಲಿ ನಿಂತಳು. "ಇಷ್ಟು ದಪ್ಪ ಹಸು ಇರ್ತಾವೇನೋ?" ಇರುತ್ತವೆ ಎಂದೆ. ಗೊತ್ತಿಲ್ಲ ನನಗೆ. ಗೊತ್ತಿಲ್ಲ ಅಂತಲೂ ಹೇಳಿದೆ. ನಕ್ಕಳು. ಮುಂದಕ್ಕೆ ತಿರುವಿದಳು. ಕೊನೆಯ ಹಾಳೆ ಮುಟ್ಟಿ ಮತ್ತೆ ಮೊದಲಿಗೆ ಬಂದಳು.

"ಇನ್ನೊಂದು ಸಲ ನೋಡ್ತೀನಿ. ನಿನಗೇನು ಅವಸರ?"

ಅವಸರವಿಲ್ಲ. ಬಾಯಿ ತುದಿಗೆ ಮೂರು ಊರಿನ ಹೆಸರು ಬಂದವು. ಹೇಳಿಕೊಡುವ ಚಟ. ನುಂಗಿಕೊಂಡೆ. ಕಾಲಂ ಖಾಲಿ ಇದೆ. ಪೆನ್ನು ತೆರೆದಿದೆ.

ಬೆರಳು ಇಟ್ಟಳು. ಎಲ್ಲಿ ಎಂದು ಇಲ್ಲಿಂದ ಕಾಣುತ್ತಿಲ್ಲ. ತಲೆ ಎತ್ತಿದಳು. "ಬರ್ಕೋ" ಎನ್ನುತ್ತಿದ್ದಾಳೆ, ಈ ದಿನಚರಿ ಮುಚ್ಚಿ ಆ ಫಾರಂ ತೆಗೆದು—